ಕಚೇರಿಯ ಔತಣ: ಖಾದ್ಯಗಳ ಪಟ್ಟಿಗಿಂತ ಅತಿಥಿಗಳ ಪಟ್ಟಿ ದೊಡ್ಡದಾಗಲಿ

ಈದ್ ಹತ್ತಿರವಾದಂತೆ ನಮ್ಮ ಉದ್ಯೋಗಸ್ಥ ಸಹೋದರ ಸಹೋದರಿಯರಿಗೆ ಕಚೇರಿಯಲ್ಲಿ ಒಂದು ಪ್ರಶ್ನೆ ಎದುರಾಗುವುದುಂಟು: “ಈ ಸಲ ಬಿರಿಯಾನಿ ಯಾವತ್ತು?” ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಮಾತ್ರವಲ್ಲ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕನ್ನಡಿಗರ ನಡುವೆಯೂ ಈ ಪ್ರಶ್ನೆ ಚಿರಪರಿಚಿತ. ಇದು ಸಲುಗೆಯ ಪ್ರಶ್ನೆ. ಸಲುಗೆ ಇಲ್ಲದವರ ಬಳಿ ಯಾರೂ ಊಟ ಕೇಳುವುದಿಲ್ಲ. ಈ ಸಲುಗೆಗೆ ಸ್ಪಂದಿಸಿ ನಾಲ್ಕೈದು ಮಂದಿ ಮುಸ್ಲಿಮ್ ಉದ್ಯೋಗಿಗಳು ಒಟ್ಟು ಸೇರುತ್ತಾರೆ. ವಾಟ್ಸಾಪ್ ಗುಂಪೊಂದು ಹುಟ್ಟಿಕೊಳ್ಳುತ್ತದೆ. ದಿನ, ಮೊತ್ತ, ಅಡುಗೆಯವರು, ಬಿರಿಯಾನಿಯ ಜೊತೆಗೆ ಏನೇನು ಎಂಬ ಚರ್ಚೆ ಆರಂಭವಾಗುತ್ತದೆ.

ಇದನ್ನು ನಾವು ಕ್ಷುಲ್ಲಕ ವಿಷಯವೆಂದು ಭಾವಿಸುವುದಿಲ್ಲ. ಮುಸ್ಲಿಮರ ಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟದ ಎಷ್ಟೋ ಮಂದಿ ನಮ್ಮ ಸಹೋದ್ಯೋಗಿಗಳಾಗಿದ್ದಾರೆ. ನಮ್ಮ ಆತಿಥ್ಯದ ಕುರಿತು ಅವರಿಗೆ ದೊರೆಯುವ ಏಕೈಕ ಪರಿಚಯ ಕಚೇರಿಯ ಆ ಒಂದು ಊಟವೇ ಆಗಿರಬಹುದು. ಆದ್ದರಿಂದ ಅದರ ಸಿದ್ಧತೆಯನ್ನು ದೀನ್‌ನ ಬೆಳಕಿನಲ್ಲಿ ಸ್ವಲ್ಪ ನಿಧಾನವಾಗಿ ಅವಲೋಕಿಸುವುದು ಯೋಗ್ಯ. ಅತಿಥಿಯನ್ನು ಗೌರವಿಸುವುದನ್ನು ಪ್ರವಾದಿವರ್ಯರು(ಸ) ಅಲ್ಲಾಹನಲ್ಲಿಯೂ ಅಂತ್ಯದಿನದಲ್ಲಿಯೂ ಇರುವ ವಿಶ್ವಾಸದೊಂದಿಗೆ ಜೋಡಿಸಿ ಕಲಿಸಿರುವರು. ಹಾಗಿರುವಾಗ ಯಾರು ನಮ್ಮ ಅತಿಥಿ, ಯಾರು ಅಲ್ಲ ಎಂದು ನಿರ್ಧರಿಸುವ ಗಳಿಗೆಯೂ ವಿಶ್ವಾಸಕ್ಕೆ ಸಂಬಂಧಿಸಿದ ಗಳಿಗೆಯೇ ಆಗಿದೆ.

ಆದರೆ ಇಂತಹ ಔತಣಗಳ ಸಿದ್ಧತೆಯಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಖಾದ್ಯಗಳ ಪಟ್ಟಿ. ಅತಿ ಕಡಿಮೆ ಚರ್ಚೆಯಾಗುವುದು ಅತಿಥಿಗಳ ಪಟ್ಟಿ. ಕಬಾಬ್ ಇರಬೇಕೇ, ಎರಡು ಬಗೆಯ ಸಿಹಿ ಬೇಕೇ ಎಂಬ ಬಗ್ಗೆ ಮೂರು ದಿನ ಮಾತುಕತೆ ನಡೆಯುತ್ತದೆ. ಯಾರನ್ನು ಕರೆಯಬೇಕು ಎಂಬುದು ಮಾತ್ರ ಮೂರು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ. ವಿಭಾಗದ ಇಮೇಲ್ ಪಟ್ಟಿ ಸಿದ್ಧವಾಗಿಯೇ ಇರುತ್ತದೆ, ಅದಕ್ಕೊಂದು ಆಹ್ವಾನ ಕಳುಹಿಸಿದರೆ ಕೆಲಸ ಮುಗಿಯಿತು.

ಆ ಪಟ್ಟಿಯಲ್ಲಿ ಯಾರಿಲ್ಲ ಎಂಬುದನ್ನು ಗಮನಿಸೋಣ. ನಾವು ಬರುವ ಮುನ್ನವೇ ನಮ್ಮ ಮೇಜನ್ನು ಒರೆಸಿಟ್ಟ ಹೌಸ್‌ಕೀಪಿಂಗ್ ಸಹೋದರಿ ಅದರಲ್ಲಿಲ್ಲ. ದ್ವಾರದಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿ ಗಾರ್ಡ್ ಇಲ್ಲ. ದಿನಕ್ಕೆ ಎರಡು ಸಲ ಚಹಾ ತಂದಿಡುವ ಹುಡುಗನಿಲ್ಲ. ರಾತ್ರಿ ಪಾಳಿಯವರನ್ನು ಮನೆ ಮುಟ್ಟಿಸುವ ಕ್ಯಾಬ್ ಚಾಲಕನಿಲ್ಲ, ಲಿಫ್ಟ್ ಕೆಟ್ಟಾಗ ಓಡಿ ಬರುವ ಎಲೆಕ್ಟ್ರಿಶಿಯನ್ ಇಲ್ಲ. ಇವರಲ್ಲಿ ಬಹುತೇಕರು ಗುತ್ತಿಗೆದಾರನ ನೌಕರರು. ಅವರ ಸಂಬಳ ಬೇರೆಡೆಯಿಂದ ಬರುತ್ತದೆ, ಅವರಿಗೆ ಸಂಸ್ಥೆಯ ಇಮೇಲ್ ವಿಳಾಸವಿಲ್ಲ. ಹಾಗಾಗಿ ಅವರನ್ನು ಯಾರೂ ಬೇಕೆಂದು ಹೊರಗಿಡಬೇಕಾಗಿಲ್ಲ. ಪಟ್ಟಿಯೇ ಅವರನ್ನು ಹೊರಗಿಟ್ಟುಬಿಡುತ್ತದೆ. ಔತಣದ ಕೊನೆಯಲ್ಲಿ ತಟ್ಟೆ ಎತ್ತಲು ಮಾತ್ರ ಅವರು ಒಳಗೆ ಬರುತ್ತಾರೆ. ಉಳಿದ ಅನ್ನವನ್ನು ಆಗ ಅವರ ಕೈಗಿತ್ತು, ಒಂದು ಪುಣ್ಯಕಾರ್ಯವಾಯಿತು ಎಂದು ನಾವು ಸಮಾಧಾನಪಡುತ್ತೇವೆ.

ನಮ್ಮ ಅಭಿಪ್ರಾಯ ಇಷ್ಟೇ: ಕಚೇರಿಯಲ್ಲಿ ಮುಸ್ಲಿಮರು ಏರ್ಪಡಿಸುವ ಔತಣದಲ್ಲಿ ಮೊದಲು ಬರೆಯಬೇಕಾದದ್ದು ಅತಿಥಿಗಳ ಪಟ್ಟಿ. ಅದನ್ನು ಬರೆಯಲಾರಂಭಿಸಬೇಕಾದದ್ದು ಸಾಮಾನ್ಯವಾಗಿ ಮರೆತುಹೋಗುವವರ ಹೆಸರಿನಿಂದ. ಹಣ ಸಾಲದಿದ್ದರೆ ಕಡಿಮೆಯಾಗಬೇಕಾದದ್ದು ಖಾದ್ಯಗಳೇ ಹೊರತು ಮನುಷ್ಯರಲ್ಲ.

ಇದು ಕೇವಲ ಸೌಜನ್ಯದ ಮಾತಲ್ಲ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟುಬಿಡುವ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದು ಬಣ್ಣಿಸುವ ಹದೀಸ್ ಅಬೂ ಹುರೈರಾ(ರ)ರಿಂದ ವರದಿಯಾಗಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಇಲ್ಲಿ ಸ್ವಲ್ಪ ಆಲೋಚಿಸಬೇಕು. ಆ ಊಟದ ಮಾಂಸ ಹಲಾಲ್ ಆಗಿರಬಹುದು, ಅದಕ್ಕೆ ವ್ಯಯಿಸಿದ ಹಣ ಶುದ್ಧ ಸಂಪಾದನೆಯಾಗಿರಬಹುದು, ಸಂದರ್ಭವು ಸುನ್ನತ್ತೇ ಆಗಿರಬಹುದು. ಆದರೂ ಅದು ಕೆಟ್ಟ ಊಟ. ಅದನ್ನು ಕೆಡಿಸಿದ್ದು ಪಾತ್ರೆಯೊಳಗಿನ ಯಾವ ವಸ್ತುವೂ ಅಲ್ಲ, ಆಹ್ವಾನದ ಪಟ್ಟಿ. ಈ ಮಾತು ವಲೀಮಾದ ಕುರಿತಾಗಿದ್ದರೂ ಅದು ಬೊಟ್ಟು ಮಾಡುವ ದೋಷ ಮದುವೆ ಮಂಟಪಕ್ಕೆ ಸೀಮಿತವಾದುದಲ್ಲ ಎಂದೇ ನಾವು ಭಾವಿಸುತ್ತೇವೆ. ನಾವು ಹಲಾಲ್ ಮುದ್ರೆಯನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಆಹ್ವಾನದ ಪಟ್ಟಿಯನ್ನೂ ಪರಿಶೀಲಿಸುತ್ತೇವೆಯೇ?

ಸಹಕಾರ್ಮಿಕರಿಗೆ ನೀಡಿದ ಔತಣದ ಅತ್ಯುತ್ತಮ ಮಾದರಿಯೊಂದು ನಮ್ಮ ಚರಿತ್ರೆಯಲ್ಲಿಯೇ ಇದೆ. ಹಿಜರಿ 5ನೇ ವರ್ಷ, ಕ್ರಿ.ಶ. 627. ಮದೀನಾದ ರಕ್ಷಣೆಗಾಗಿ ಕಂದಕ ತೋಡುವ ಕೆಲಸ ನಡೆಯುತ್ತಿತ್ತು. ಚಳಿ, ಹಸಿವು, ಕಲ್ಲು ನೆಲ. ಪ್ರವಾದಿವರ್ಯರು(ಸ) ದೂರದಲ್ಲಿ ಕುಳಿತು ಆಜ್ಞಾಪಿಸುತ್ತಿರಲಿಲ್ಲ. ಸ್ವತಃ ಹಾರೆ ಹಿಡಿದು ಕಲ್ಲು ಒಡೆಯುತ್ತಿದ್ದರು, ಮಣ್ಣು ಹೊರುತ್ತಿದ್ದರು. ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಂಡಿದ್ದರು. ಆ ಸ್ಥಿತಿಯನ್ನು ಕಂಡು ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಮನೆಗೆ ಧಾವಿಸಿದರು, ಏನಾದರೂ ಇದೆಯೇ ಎಂದು ಪತ್ನಿಯನ್ನು ವಿಚಾರಿಸಿದರು. ಇದ್ದುದು ಒಂದು ಸಾಅ್ ಬಾರ್ಲಿ ಮತ್ತು ಮನೆಯಲ್ಲಿ ಸಾಕಿದ ಒಂದು ಪುಟ್ಟ ಆಡು ಮಾತ್ರ. ಅವರು ಆಡನ್ನು ದಿಬ್‌ಹ್ ಮಾಡಿದರು, ಪತ್ನಿ ಬಾರ್ಲಿಯನ್ನು ಬೀಸಿದರು. ಹೊರಡುವಾಗ ಆಕೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಪ್ರವಾದಿವರ್ಯರ(ಸ) ಮತ್ತು ಅವರ ಸಂಗಾತಿಗಳ ಮುಂದೆ ತನ್ನ ಮಾನ ಕಳೆಯಬೇಡಿರಿ ಎಂಬುದೇ ಅದು. ಊಟ ಸಾಲದೆ ಹೋದೀತೆಂಬ ಗೃಹಿಣಿಯ ಆತಂಕ ಇಂದಿನದಲ್ಲ.

ಜಾಬಿರ್(ರ) ಪ್ರವಾದಿವರ್ಯರ(ಸ) ಬಳಿಗೆ ಹೋಗಿ ಮೆಲ್ಲಗೆ, ಬೇರೆಯವರಿಗೆ ಕೇಳಿಸದಂತೆ ವಿಷಯ ತಿಳಿಸಿ, ಕೆಲವೇ ಮಂದಿಯೊಂದಿಗೆ ಬರಬೇಕೆಂದು ವಿನಂತಿಸಿದರು. ಪ್ರವಾದಿವರ್ಯರು(ಸ) ಮಾಡಿದ್ದೇನು? ದನಿಯೆತ್ತಿ ಕಂದಕದಲ್ಲಿ ದುಡಿಯುತ್ತಿದ್ದ ಎಲ್ಲರನ್ನೂ ಜಾಬಿರ್‌ರ ಔತಣಕ್ಕೆ ಕರೆದರು. ಬುಖಾರಿಯ ವರದಿಯಂತೆ ಅಂದು ಉಂಡವರು ಸಾವಿರ ಮಂದಿ. ಎಲ್ಲರೂ ಹೊಟ್ಟೆ ತುಂಬ ಉಂಡು ಹೊರಟಾಗಲೂ ಪಾತ್ರೆ ಕುದಿಯುತ್ತಲೇ ಇತ್ತು, ಹಿಟ್ಟು ಮುಗಿದಿರಲಿಲ್ಲ. ಇನ್ನೊಂದು ವರದಿಯಲ್ಲಿ ಪ್ರವಾದಿವರ್ಯರು(ಸ) ಸ್ವತಃ ರೊಟ್ಟಿ ಮುರಿದು, ಅದರ ಮೇಲೆ ಮಾಂಸ ಇರಿಸಿ ಸಂಗಾತಿಗಳಿಗೆ ಕೊಡುತ್ತಿದ್ದ ವಿವರವಿದೆ.

ಆ ಬರಕತ್ ಒಂದು ಮುಅ್‌ಜಿಝತ್. ಅಂತಹದ್ದು ನಮ್ಮ ಕೈಯಿಂದ ಆಗುವಂತಹದ್ದಲ್ಲ. ಆದರೆ ಅಂದಿನ ಘಟನೆಯಲ್ಲಿ ನಾವು ಅನುಸರಿಸಬಹುದಾದ ಮೂರು ವಿಷಯಗಳಿವೆ. ಒಂದು, ಜೊತೆಯಲ್ಲಿ ಕೆಲಸ ಮಾಡಿದವರೆಲ್ಲರೂ ಊಟದ ಹಕ್ಕುದಾರರಾದರು. ಮಣ್ಣು ಹೊತ್ತವನು ಯಾವ ಕುಲದವನು, ಅವನ ಅಂತಸ್ತೇನು ಎಂದು ಯಾರೂ ವಿಚಾರಿಸಲಿಲ್ಲ. ಎರಡು, ಪಿಸುಮಾತಿನಲ್ಲಿ ಕೆಲವರಿಗಷ್ಟೇ ನೀಡಲಾದ ಆಹ್ವಾನವು ಬಹಿರಂಗ ಆಹ್ವಾನವಾಯಿತು. ಮೂರು, ಅತ್ಯಂತ ಗೌರವಾನ್ವಿತ ಅತಿಥಿಯೇ ಬಡಿಸುವವರಾದರು. ನಮ್ಮ ಕಚೇರಿಗಳಲ್ಲಿ ಈ ಮೂರೂ ತಿರುಗುಮುರುಗಾಗಿರುವುದು ವಿಷಾದನೀಯ. ನಾವು ಮೇಲಿನವರಿಗೆ ಮೊದಲು ಬಡಿಸುತ್ತೇವೆ, ಗುಂಪಿನವರನ್ನಷ್ಟೇ ಕರೆಯುತ್ತೇವೆ, ಕೆಳಗಿನವರಿಂದ ಬಡಿಸಿಕೊಳ್ಳುತ್ತೇವೆ.

ಹಾಗಾದರೆ ಲೆಕ್ಕವಿಲ್ಲದೆ ಎಲ್ಲರನ್ನೂ ಕರೆಯಬೇಕೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕುವುದು ದೀನ್‌ಗೆ ವಿರುದ್ಧವಲ್ಲ. ಅಬೂ ಶುಐಬ್ ಎಂಬ ಅನ್ಸಾರಿ ಸಹಾಬಿಯೊಬ್ಬರು ಪ್ರವಾದಿವರ್ಯರೂ(ಸ) ಸೇರಿ ಐವರಿಗೆಂದು ಅಡುಗೆ ಮಾಡಿಸಿ ಆಹ್ವಾನಿಸಿದರು. ದಾರಿಯಲ್ಲಿ ಇನ್ನೊಬ್ಬ ವ್ಯಕ್ತಿ ಹಿಂಬಾಲಿಸಿದ. ಪ್ರವಾದಿವರ್ಯರು(ಸ) ಆತನನ್ನು ಸುಮ್ಮನೆ ಒಳಗೆ ಕರೆದೊಯ್ಯಲಿಲ್ಲ. ಒಬ್ಬರು ಹೆಚ್ಚುವರಿ ಬಂದಿರುವುದನ್ನು ಅತಿಥೇಯರಿಗೆ ತಿಳಿಸಿ, ಅನುಮತಿ ಕೊಡುವುದೂ ಬಿಡುವುದೂ ಅವರ ಹಕ್ಕೆಂದು ಸ್ಪಷ್ಟಪಡಿಸಿದರು. ಅಬೂ ಶುಐಬ್(ರ) ಸಂತೋಷದಿಂದ ಅನುಮತಿಸಿದರು. ಅತಿಥೇಯನ ಸಾಮರ್ಥ್ಯಕ್ಕೂ ಲೆಕ್ಕಕ್ಕೂ ಇಸ್ಲಾಮಿನಲ್ಲಿ ಗೌರವವಿದೆ ಎಂಬುದಕ್ಕೆ ಇದು ಪುರಾವೆ. ಆದ್ದರಿಂದಲೇ ನಾವು ಹೇಳುವುದು, ಲೆಕ್ಕವನ್ನು ಆರಂಭದಲ್ಲಿಯೇ ಸರಿಯಾಗಿ ಹಾಕಬೇಕೆಂದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಚೇರಿಯ ಒಂದು ಮಹಡಿಯಲ್ಲಿ ಇಮೇಲ್ ಪಟ್ಟಿಯ ಪ್ರಕಾರ 60 ಮಂದಿ ಇದ್ದಾರೆ. ತಲಾ 400 ರೂಪಾಯಿಯಂತೆ 24,000 ರೂಪಾಯಿ ತೆಗೆದಿಡಲಾಗಿದೆ. ಶುಚಿತ್ವ, ಕಾವಲು, ಚಹಾ, ವಾಹನ ಎಂದು ದುಡಿಯುವ 15 ಮಂದಿಯನ್ನು ಸೇರಿಸಿದರೆ 75 ಆಗುತ್ತದೆ. ಅದೇ 24,000 ರೂಪಾಯಿಯನ್ನು 75 ಮಂದಿಗೆ ಹಂಚಿದರೆ ತಲಾ 320 ರೂಪಾಯಿ. ಈ 80 ರೂಪಾಯಿಯ ವ್ಯತ್ಯಾಸ ಎಂದರೇನು? ಒಂದು ಬಗೆಯ ಕಬಾಬ್, ಒಂದು ಬಾಟಲಿ ತಂಪು ಪಾನೀಯ, ಎರಡನೆಯ ಸಿಹಿ. ಅಷ್ಟನ್ನು ಬಿಟ್ಟುಕೊಟ್ಟರೆ ಹದಿನೈದು ಮಂದಿ ನಮ್ಮ ಅತಿಥಿಗಳಾಗುತ್ತಾರೆ. ಇಬ್ಬರ ಊಟ ಮೂವರಿಗೆ ಸಾಕಾಗುತ್ತದೆಂಬ ಪ್ರವಾದಿ(ಸ) ಬೋಧನೆಯನ್ನು ನಾವು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಅದು ಅಡುಗೆಯವರಿಗೆ ಆರ್ಡರ್ ಕೊಡುವ ದಿನ ನೆನಪಾಗಬೇಕಾದ ಬೋಧನೆಯೂ ಹೌದು. ತಿನ್ನಿರಿ, ಕುಡಿಯಿರಿ, ಆದರೆ ದುಂದುಗಾರಿಕೆ ಬೇಡ ಎಂಬ ಆಶಯದ ಅಲ್‌ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತವೂ ಇದೇ ದಾರಿಯನ್ನು ತೋರುತ್ತದೆ.

ಇದಕ್ಕೆ ಕೆಲವರ ಆಕ್ಷೇಪವಿದೆ. ಅಧಿಕಾರಿಗಳ ಜೊತೆ ಕುಳಿತು ಉಣ್ಣಲು ಆ ಬಡ ನೌಕರರಿಗೇ ಮುಜುಗರವಾಗುತ್ತದೆ, ಅವರಿಗೆ ಪೊಟ್ಟಣ ಕೊಟ್ಟುಬಿಡುವುದೇ ಲೇಸು ಎಂದು ಅವರು ಹೇಳುತ್ತಾರೆ. ಮುಜುಗರ ನಿಜವೇ. ಆದರೆ ಆ ಮುಜುಗರವನ್ನು ಉಂಟುಮಾಡಿದವರು ಯಾರು? ವರ್ಷವಿಡೀ ಹೆಸರು ಹಿಡಿದು ಕರೆಯದವರು ಒಂದು ದಿನ ಬಂದು ಕುಳಿತುಕೊಳ್ಳಿ ಎಂದರೆ ಯಾರಿಗಾದರೂ ಸಂಕೋಚವಾಗುತ್ತದೆ. ಸಂಕೋಚಕ್ಕೆ ಮದ್ದು ಪೊಟ್ಟಣವಲ್ಲ, ಆಹ್ವಾನದ ರೀತಿ.

ಈ ಬಗ್ಗೆ ಪ್ರವಾದಿವರ್ಯರ(ಸ) ಮಾರ್ಗದರ್ಶನ ಆಶ್ಚರ್ಯಕರವಾದಷ್ಟು ಪ್ರಾಯೋಗಿಕವಾಗಿದೆ. ಸೇವಕನು ಊಟ ತಂದಿರಿಸಿದಾಗ ಅವನನ್ನು ಜೊತೆಯಲ್ಲಿ ಕುಳ್ಳಿರಿಸಬೇಕು, ಅದು ಸಾಧ್ಯವಾಗದಿದ್ದರೆ ಒಂದೆರಡು ತುತ್ತನ್ನಾದರೂ ಅವನಿಗೆ ಕೊಡಬೇಕು, ಏಕೆಂದರೆ ಅದನ್ನು ತಯಾರಿಸುವ ಶ್ರಮ ಪಟ್ಟವನು ಅವನು ಎಂಬ ಆಶಯದ ಹದೀಸ್ ಬುಖಾರಿಯಲ್ಲಿದೆ. ಇದರಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಜೊತೆಯಲ್ಲಿ ಕುಳ್ಳಿರಿಸುವುದು. ಎರಡನೆಯದು, ಅದಾಗದಿದ್ದರೆ ಪಾಲು ಕೊಡುವುದು. ನಾವು ಅನೇಕರು ಮೊದಲನೆಯ ಮೆಟ್ಟಿಲನ್ನು ಪ್ರಯತ್ನಿಸದೆಯೇ ಎರಡನೆಯದರಲ್ಲಿ ನಿಂತುಬಿಟ್ಟಿದ್ದೇವೆ. ಎರಡನೆಯದನ್ನೂ ಬಿಸಿಯಾಗಿರುವಾಗ ಕೊಡುವ ಬದಲು ಎಲ್ಲರದೂ ಮುಗಿದ ಮೇಲೆ ಕೊಡುತ್ತಿದ್ದೇವೆ.

ಆದ್ದರಿಂದ ಎರಡು ದಿನ ಮುಂಚಿತವಾಗಿ ನಮ್ಮಲ್ಲೊಬ್ಬರು ಖುದ್ದಾಗಿ ಹೋಗಿ ಅವರನ್ನು ಹೆಸರು ಹಿಡಿದು ಆಹ್ವಾನಿಸಲಿ. ಹಿರಿಯರಾದರೆ ಅಣ್ಣಾ, ಅಕ್ಕಾ ಎಂದು ಕರೆಯಲಿ. ಅವರ ಮೇಲ್ವಿಚಾರಕರೊಂದಿಗೆ ಮಾತನಾಡಿ ಆ ಒಂದು ಗಂಟೆಯ ಬಿಡುವನ್ನು ಖಚಿತಪಡಿಸಿಕೊಳ್ಳಲಿ. ನಮ್ಮ ಔತಣದಿಂದಾಗಿ ಅವರ ಕೂಲಿ ಕಡಿತವಾಗಬಾರದು, ಬೈಗುಳವೂ ಬರಬಾರದು. ಪಾಳಿಯಲ್ಲಿರುವವರಿಗಾಗಿ ಎರಡು ಪಂಕ್ತಿಗಳಿರಲಿ. ಅವರಿಗೆಂದೇ ಮೂಲೆಯಲ್ಲಿ ಬೇರೆ ಮೇಜು ಹಾಕುವುದು ಬೇಡ. ನಮ್ಮಲ್ಲಿ ಇಬ್ಬಿಬ್ಬರು ಅವರ ನಡುವೆ ಕುಳಿತು ಉಂಡರೆ ಸಂಕೋಚ ತಾನಾಗಿ ಕರಗುತ್ತದೆ. ದ್ವಾರವನ್ನು ಬಿಟ್ಟು ಬರಲಾಗದ ಗಾರ್ಡ್‌ಗೆ ಮಾತ್ರ ಎರಡನೆಯ ಮೆಟ್ಟಿಲು ಅನ್ವಯಿಸುತ್ತದೆ. ಹಂಡೆಯ ಮುಚ್ಚಳ ತೆಗೆದ ಕೂಡಲೇ ಮೊದಲ ತಟ್ಟೆ ಅವರ ಬಳಿಗೆ ಹೋಗಲಿ, ಕೊನೆಯದಲ್ಲ. ಊಟ ಸ್ವೀಕರಿಸುತ್ತಿರುವ ಅವರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಸರ್ವಥಾ ಸಲ್ಲದು. ದಾನವನ್ನು ಹೇಳಿ ತೋರಿಸಿ, ನೋವುಂಟುಮಾಡಿ ವ್ಯರ್ಥಗೊಳಿಸಬಾರದೆಂದು ಅಲ್‌ಬಕರಃ ಅಧ್ಯಾಯದ 264ನೇ ಸೂಕ್ತ ಎಚ್ಚರಿಸುತ್ತದೆ. ದಾನಕ್ಕೇ ಹೀಗಾದರೆ ಆತಿಥ್ಯಕ್ಕೆ ಇನ್ನೆಷ್ಟು ಎಚ್ಚರ ಬೇಕು!

ಔತಣ ನಮ್ಮದಲ್ಲದಿದ್ದಾಗ, ಬೇರೆಯವರು ಕರೆದಾಗ ಏನು ಮಾಡಬಹುದು? ಇದಕ್ಕೂ ಸುಂದರ ಮಾದರಿಯಿದೆ. ಪ್ರವಾದಿವರ್ಯರ(ಸ) ನೆರೆಯಲ್ಲಿ ಸಾರು ಮಾಡುವುದರಲ್ಲಿ ನಿಪುಣನಾದ ಪರ್ಶಿಯನ್ ವ್ಯಕ್ತಿಯೊಬ್ಬನಿದ್ದ. ಅವನು ಅಡುಗೆ ಮಾಡಿ ಪ್ರವಾದಿವರ್ಯರನ್ನು(ಸ) ಕರೆಯಲು ಬಂದಾಗ ಅವರು ಆಯಿಶಾ(ರ)ರ ಕಡೆ ತೋರಿಸಿ, ಇವರಿಗೂ ಆಹ್ವಾನವಿದೆಯೇ ಎಂದು ವಿಚಾರಿಸಿದರು. ಅವನು ಇಲ್ಲವೆಂದ. ಹಾಗಾದರೆ ತಾವೂ ಬರುವುದಿಲ್ಲವೆಂದರು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವನು ಒಪ್ಪಿದಾಗ ಇಬ್ಬರೂ ಜೊತೆಯಾಗಿ ಹೊರಟರು. ಅನಸ್(ರ) ವರದಿ ಮಾಡಿರುವ ಈ ಘಟನೆ ಮುಸ್ಲಿಮ್ ಗ್ರಂಥದಲ್ಲಿದೆ. ಅಲ್ಲಿ ಜಗಳವಿರಲಿಲ್ಲ, ಉಪದೇಶವಿರಲಿಲ್ಲ, ಒಂದು ಮೃದುವಾದ ಪ್ರಶ್ನೆಯಿತ್ತು. ಕಚೇರಿಯ ಯಾವುದೇ ಕೂಟದ ಸಿದ್ಧತೆಯ ವೇಳೆ ನಾವೂ ಅದೇ ಮೃದುತ್ವದಿಂದ ಕೇಳಬಹುದು: “ಇವರಿಗೂ ಆಹ್ವಾನವಿದೆಯಲ್ಲವೇ?” ಹುಟ್ಟುಹಬ್ಬದ ಕೇಕ್ ಆಗಿರಲಿ, ಬೀಳ್ಕೊಡುಗೆಯ ಊಟವಾಗಿರಲಿ, ಆ ಒಂದು ಪ್ರಶ್ನೆಯಿಂದ ಎಷ್ಟೋ ತಟ್ಟೆಗಳು ಹೆಚ್ಚಾಗಬಹುದು.

ಹೊರಗುಳಿಯುವುದೆಂದರೇನೆಂದು ಮುಸ್ಲಿಮ್ ಉದ್ಯೋಗಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ತಂಡದ ಕೂಟ ಮದ್ಯ ಸಿಗುವ ಜಾಗದಲ್ಲಿ ಏರ್ಪಾಡಾದಾಗ, ಮದ್ಯ ಹರಿದಾಡುವ ಮೇಜಿನಲ್ಲಿ ಕುಳಿತುಕೊಳ್ಳಬಾರದೆಂಬ ಪ್ರವಾದಿ(ಸ) ಬೋಧನೆಯನ್ನು ಪಾಲಿಸುವವನು ಏನೋ ನೆಪ ಹೇಳಿ ಮನೆಗೆ ಹೊರಡುತ್ತಾನೆ. ಮಾಂಸ ಹಲಾಲ್ ಹೌದೇ ಎಂದು ಕೇಳಲು ಸಂಕೋಚಪಟ್ಟು ಬರೀ ಅನ್ನ, ಮೊಸರು ಉಂಡು ಏಳುತ್ತಾನೆ. ಯಾರೂ ಅವನನ್ನು ಬೇಕೆಂದು ಹೊರಗಿಟ್ಟಿರುವುದಿಲ್ಲ, ಅಲ್ಲಿಯೂ ಪಟ್ಟಿಯೇ ಹೊರಗಿಟ್ಟಿರುತ್ತದೆ. ತನಗಾಗಿ ಬಯಸುವುದನ್ನೇ ತನ್ನ ಸಹೋದರನಿಗಾಗಿಯೂ ಬಯಸುವವರೆಗೆ ವಿಶ್ವಾಸ ಪೂರ್ಣವಾಗದೆಂಬ ಪ್ರವಾದಿ(ಸ) ವಚನವನ್ನು ಬಲ್ಲವರು, ಆ ಅನುಭವವನ್ನು ಕಹಿಯಾಗಿ ಉಳಿಸಿಕೊಳ್ಳದೆ ತಮ್ಮ ಔತಣದಲ್ಲಿ ಕಾಳಜಿಯಾಗಿ ಬದಲಿಸಬೇಕು.

ಅಂತಹ ಕಾಳಜಿಯ ಮೊದಲ ಹಕ್ಕುದಾರರು ಸಸ್ಯಾಹಾರಿ ಸಹೋದ್ಯೋಗಿಗಳು. ಬಿರಿಯಾನಿಯ ಹಂಡೆಯಿಂದ ಮಾಂಸದ ತುಂಡನ್ನು ಬದಿಗೆ ಸರಿಸಿ ಅನ್ನ ಬಡಿಸಿದರೆ ಅದು ಅವರಿಗೆ ಊಟವಲ್ಲ, ಅವಮಾನ. ಅವರ ಅಡುಗೆ ಬೇರೆ ಪಾತ್ರೆಯಲ್ಲಿ, ಬೇರೆ ಎಣ್ಣೆಯಲ್ಲಿ ಆಗಿರಬೇಕು. ಸೌಟು ಬೇರೆ ಇರಬೇಕು. ಅವರಿಗೆ ಒಗ್ಗುವುದಾದರೆ ಅವರೇ ನಂಬುವ ಸಸ್ಯಾಹಾರಿ ಹೋಟೆಲಿನಿಂದ ತರಿಸುವುದು ಇನ್ನೂ ಉತ್ತಮ. ಮಾಂಸದ ಪಾತ್ರೆಯ ಮೇಲೆ ಕೋಳಿಯೋ ಕುರಿಯೋ ಎಂದು ಸ್ಪಷ್ಟವಾಗಿ ಬರೆದಿಟ್ಟರೆ ಯಾವ ಅತಿಥಿಯ ಮನಸ್ಸಿನಲ್ಲಿಯೂ ಅನುಮಾನ ಉಳಿಯುವುದಿಲ್ಲ. ಪುಡ್ಡಿಂಗ್ ಮಾಡಿಸುವುದಾದರೆ ಜೆಲಟಿನ್ ಬದಲು ಕಡಲ ಪಾಚಿಯಿಂದ ತಯಾರಾಗುವ ಚೈನಾ ಗ್ರಾಸ್ ಬಳಸಲು ಹೇಳಬಹುದು. ಜೆಲಟಿನ್ ಯಾವುದರಿಂದ ಬಂತು ಎಂದು ನಾವು ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಓದುವವರಲ್ಲವೇ? ಅದೇ ಪ್ರಶ್ನೆಯನ್ನು ನಮ್ಮ ಸಹೋದ್ಯೋಗಿ ಕೇಳಿದರೆ ಅದನ್ನು ಮಡಿವಂತಿಕೆ ಎಂದು ಹಾಸ್ಯ ಮಾಡುವ ಹಕ್ಕು ನಮಗಿಲ್ಲ.

ದಿನ ಮತ್ತು ವೇಳೆಯ ಆಯ್ಕೆಯೂ ಆಹ್ವಾನದ ಭಾಗವೇ. ಕಚೇರಿಯಲ್ಲಿ ಇಫ್ತಾರ್ ಏರ್ಪಡಿಸುವುದು ಪುಣ್ಯಕಾರ್ಯ, ಸಂಶಯವಿಲ್ಲ. ಆದರೆ ಇಫ್ತಾರ್ ಸೂರ್ಯಾಸ್ತದ ಊಟ. ಸೂರ್ಯಾಸ್ತದ ಬಳಿಕ ಆಹಾರ ಸೇವಿಸದ ಜೈನ ಸಹೋದ್ಯೋಗಿಗೆ ಅದು ಬಾಗಿಲು ಮುಚ್ಚಿದ ಮೇಲೆ ಬಂದ ಆಹ್ವಾನದಂತೆ. ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಅವರಲ್ಲಿ ಅನೇಕರು ಬಳಸುವುದಿಲ್ಲ. ಸಂಜೆಯ ಬಸ್ಸು, ಮಗುವಿನ ಶಾಲೆ ಎಂದು ಬೇಗ ಹೊರಡುವ ತಾಯಂದಿರಿಗೂ ಆ ವೇಳೆ ಕಷ್ಟ. ಹಾಗಾಗಿ ಎಲ್ಲರನ್ನೂ ಒಳಗೊಳ್ಳುವ ಉದ್ದೇಶವಿದ್ದರೆ ಶವ್ವಾಲ್‌ನಲ್ಲಿ ಈದ್‌ನ ಮಧ್ಯಾಹ್ನದೂಟ ಹೆಚ್ಚು ಸೂಕ್ತ. ಆಗಲೂ ಪಂಚಾಂಗದ ಮೇಲೊಮ್ಮೆ ಕಣ್ಣಾಡಿಸಬೇಕು. ಏಕಾದಶಿ, ಸಂಕಷ್ಟಿಗಳಂದು ಉಪವಾಸವಿರುವವರಿದ್ದಾರೆ. ಸೋಮವಾರ, ಶನಿವಾರಗಳಂದು ಮಾಂಸ ತಿನ್ನದವರಿದ್ದಾರೆ. ಶುಕ್ರವಾರ ನಮಗೇ ಜುಮಾ ನಮಾಝ್‌ನ ಅವಸರ. ಶವ್ವಾಲ್‌ನ ಆರು ಉಪವಾಸ ಆಚರಿಸುವವರಿಗೂ ಮುಂಚಿತವಾಗಿ ದಿನ ತಿಳಿದಿದ್ದರೆ ಅನುಕೂಲ.

ಇನ್ನೊಬ್ಬರ ಆಹಾರದ ಕುರಿತು ಮುಖ ಸಿಂಡರಿಸುವುದು ಪ್ರವಾದಿ(ಸ) ಚರ್ಯೆಯಲ್ಲ. ಅವರು ಯಾವ ಆಹಾರವನ್ನೂ ಹಳಿದವರಲ್ಲ, ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಬಿಟ್ಟುಬಿಡುತ್ತಿದ್ದರು. ಒಮ್ಮೆ ಮರುಭೂಮಿಯ ಉಡವನ್ನು ಬೇಯಿಸಿ ಮುಂದಿರಿಸಿದಾಗ ಅವರು ಕೈ ಹಿಂದಕ್ಕೆ ತೆಗೆದರು. ಅದು ಹರಾಮ್ ಎಂದಲ್ಲ, ತಮ್ಮ ನಾಡಿನಲ್ಲಿ ಬಳಕೆಯಲ್ಲಿಲ್ಲದ್ದರಿಂದ ಮನಸ್ಸು ಒಪ್ಪುವುದಿಲ್ಲ ಎಂದರು. ಅದೇ ಹರಿವಾಣದಿಂದ ಖಾಲಿದ್ ಬಿನ್ ವಲೀದ್(ರ) ಅವರೆದುರೇ ಉಂಡರು. ಒಬ್ಬರು ಉಣ್ಣುತ್ತಿರುವುದನ್ನು ಇನ್ನೊಬ್ಬರು ಉಣ್ಣದೆಯೂ ಒಂದೇ ಕಡೆ ಪ್ರೀತಿಯಿಂದ ಕುಳಿತಿರಬಹುದೆಂಬ ಪಾಠ ಹದಿನಾಲ್ಕು ಶತಮಾನಗಳ ಹಿಂದೆಯೇ ನಮಗೆ ದೊರೆತಿದೆ. ಅದನ್ನು ನಮ್ಮ ಕಚೇರಿಯ ಊಟದ ಮೇಜಿನಲ್ಲಿ ತೋರಿಸಿಕೊಡಬೇಕಾದವರು ನಾವೇ.

ಹಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ತಲಾ ಇಷ್ಟು ಎಂದು ನಿಗದಿಪಡಿಸಿ, ಕೊಟ್ಟವರ ಹೆಸರಿನ ಮುಂದೆ ಸರಿ ಗುರುತು ಹಾಕಿ, ಕೊಡದವರ ಹೆಸರನ್ನು ಗುಂಪಿನಲ್ಲಿ ಮತ್ತೆ ಮತ್ತೆ ಪ್ರಕಟಿಸುವ ರೂಢಿ ಬೆಳೆದಿದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾದ ತರುಣ, ತಂದೆಯ ಚಿಕಿತ್ಸೆಗೆ ಸಾಲ ಮಾಡಿರುವ ಸಹೋದರಿ ಮುಖ ಉಳಿಸಿಕೊಳ್ಳಲಿಕ್ಕಾಗಿ ಹಣ ಕೊಡುತ್ತಾರೆ. ಮನಃಪೂರ್ವಕ ಒಪ್ಪಿಗೆಯಿಲ್ಲದೆ ಒಬ್ಬರ ಸಂಪತ್ತು ಇನ್ನೊಬ್ಬರಿಗೆ ಧರ್ಮಸಮ್ಮತವಲ್ಲ ಎಂಬ ಹದೀಸ್ ಇಲ್ಲಿ ನೆನಪಾಗಬೇಕು. ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸಬಾರದೆಂಬ ಅನ್ನಿಸಾ ಅಧ್ಯಾಯದ 29ನೇ ಸೂಕ್ತವೂ ಪರಸ್ಪರ ಸಮ್ಮತಿಯನ್ನು ಒತ್ತಿ ಹೇಳುತ್ತದೆ. ನಾಚಿಕೆಗೆ ಅಂಜಿ ಕೊಟ್ಟ ಹಣ ಸಮ್ಮತಿಯ ಹಣವಲ್ಲ. ನಂಬಿಕಸ್ಥರೊಬ್ಬರ ಬಳಿ ಕೈಲಾದಷ್ಟು ಗುಪ್ತವಾಗಿ ಕೊಡುವ ವ್ಯವಸ್ಥೆಯಿರಲಿ. ಖರ್ಚಿನ ಲೆಕ್ಕ ಎಲ್ಲರ ಮುಂದಿರಲಿ, ಕೊಟ್ಟವರ ಲೆಕ್ಕ ಅಲ್ಲಾಹನ ಬಳಿ ಇರಲಿ. ಸಂಸ್ಥೆಯ ನಿಧಿಯಿಂದ ಹಣ ಬರುವುದಾದರೆ ಅದು ಅಮಾನತ್, ಬಿಲ್‌ನಲ್ಲಿ ಒಂದು ರೂಪಾಯಿಯೂ ಸುಳ್ಳಾಗಬಾರದು. ಝಕಾತ್‌ನ ಹಣ ಇದಕ್ಕೆ ಸಲ್ಲದು. ಅದರ ಹಕ್ಕುದಾರರನ್ನು ಅತ್ತೌಬಃ ಅಧ್ಯಾಯದ 60ನೇ ಸೂಕ್ತ ಎಂಟು ವಿಭಾಗಗಳಲ್ಲಿ ನಿಶ್ಚಯಿಸಿದೆ, ಕಚೇರಿಯ ಔತಣ ಅವುಗಳಲ್ಲಿ ಸೇರುವುದಿಲ್ಲ.

ಊಟ ಮನೆಯಿಂದಲೇ ಹೋಗುವುದಾದರೆ ಮನೆಯವರ ಹಕ್ಕನ್ನು ಮರೆಯಬಾರದು. ಅಮ್ಮ ಬಿರಿಯಾನಿ ಮಾಡಿ ಕೊಡುತ್ತಾರೆ ಎಂದು ನಲವತ್ತು ಮಂದಿಗೆ ಮಾತು ಕೊಟ್ಟು, ಹಿಂದಿನ ರಾತ್ರಿ ಮನೆಯಲ್ಲಿ ಹೇಳುವ ಮಗ ಆತಿಥ್ಯವನ್ನು ತಾಯಿಯ ಬೆನ್ನ ಮೇಲೆ ಹೊರಿಸುತ್ತಾನೆ. ಜಾಬಿರ್(ರ) ಮೊದಲು ಪತ್ನಿಯನ್ನು ವಿಚಾರಿಸಿದರು, ಅನಂತರ ಆಹ್ವಾನಿಸಿದರು. ಆ ಕ್ರಮವೇ ಸರಿಯಾದ ಕ್ರಮ. ಮಕ್ಕಳು ಈರುಳ್ಳಿ ಸುಲಿಯಲಿ, ಗಂಡಸರು ಪಾತ್ರೆ ತೊಳೆಯಲಿ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ಸಾಕ್ಷಿ ನುಡಿದಿರುವರು. ಅಂತೆಯೇ ಕಚೇರಿಯಲ್ಲಿಯೂ ಊಟದ ಬಳಿಕ ಮೇಜು ಒರೆಸುವವರು ಅತಿಥೇಯರಾದ ನಾವೇ ಆಗಬೇಕು. ಅತಿಥಿಯಾಗಿ ಕರೆದ ಹೌಸ್‌ಕೀಪಿಂಗ್ ಸಹೋದರಿಯ ಕೈಗೆ ಊಟ ಮುಗಿದೊಡನೆ ಪೊರಕೆ ಕೊಟ್ಟರೆ ಆ ಆಹ್ವಾನಕ್ಕೆ ಅರ್ಥವೇನು?

ಕೊನೆಯದಾಗಿ ಇನ್ನೆರಡು ಆಕ್ಷೇಪಗಳನ್ನು ಪರಿಗಣಿಸೋಣ. ಸಂಬಳದಾರರಿಗೆ ಉಣಿಸುವ ಬದಲು ಆ ಹಣವನ್ನು ಬಡವರಿಗೆ ಕೊಡಬಾರದೇ ಎಂದು ಕೆಲವರು ಕೇಳುತ್ತಾರೆ. ಬಡವರಿಗೆ ಕೊಡುವುದು ನಿಲ್ಲಬಾರದು ನಿಜ. ಆದರೆ ನೆರೆಯವರ, ಸಂಗಾತಿಗಳ ಹಕ್ಕು ಬಡತನವನ್ನು ಅವಲಂಬಿಸಿಲ್ಲ. ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ಒಳಿತು ಮಾಡಬೇಕಾದವರ ಸಾಲಿನಲ್ಲಿ ಬಡವರನ್ನೂ ನೆರೆಯವರನ್ನೂ ಪಕ್ಕದಲ್ಲಿರುವ ಸಂಗಾತಿಯನ್ನೂ ಹೆಸರಿಸುತ್ತದೆ. ದಿನಕ್ಕೆ ಎಂಟು ಗಂಟೆ ಪಕ್ಕದ ಕುರ್ಚಿಯಲ್ಲಿ ಕುಳಿತಿರುವವರಿಗಿಂತ ಹತ್ತಿರದ ಸಂಗಾತಿ ಯಾರು? ಇಂದಿನ ವಾತಾವರಣದಲ್ಲಿ ಇದೆಲ್ಲ ಬೇಡದ ಗೊಡವೆ ಎಂದು ಮತ್ತೆ ಕೆಲವರು ಹಿಂಜರಿಯುತ್ತಾರೆ. ಆಡಳಿತದ ಅನುಮತಿ ಪಡೆದು, ಯಾರನ್ನೂ ಒತ್ತಾಯಿಸದೆ, ಕೆಲಸದ ವೇಳೆಗೆ ಧಕ್ಕೆಯಾಗದಂತೆ, ಪ್ರವಚನದ ವೇದಿಕೆಯನ್ನಾಗಿ ಮಾಡದೆ ಬಡಿಸುವ ಊಟಕ್ಕೆ ಅಂಜಬೇಕಾಗಿಲ್ಲ. ಬರದವರ ಬಗ್ಗೆ ಬೇಸರ ಬೇಡ, ಬಂದವರಿಂದ ಪ್ರಶಂಸೆಯೂ ಬೇಡ. ಆಹಾರದ ಮೇಲೆ ತಮಗೂ ಆಸೆಯಿದ್ದೂ ಅದನ್ನು ಬಡವ, ಅನಾಥ, ಸೆರೆಯಾಳುಗಳಿಗೆ ಉಣಿಸಿ, ಪ್ರತಿಫಲವನ್ನಾಗಲೀ ಕೃತಜ್ಞತೆಯನ್ನಾಗಲೀ ಬಯಸದ ಸಜ್ಜನರನ್ನು ಅದ್ದಹ್ರ್ ಅಧ್ಯಾಯದ 8 ಮತ್ತು 9ನೇ ಸೂಕ್ತಗಳು ಪರಿಚಯಿಸುತ್ತವೆ. ನಮ್ಮ ಔತಣಕ್ಕೂ ಅದೇ ಅಳತೆಗೋಲು.

ಈ ವರ್ಷದ ಸಿದ್ಧತೆಗೆ ಕುಳಿತಾಗ ಬಿರಿಯಾನಿ ಎಷ್ಟು ಕಿಲೋ ಎಂದು ಬರೆಯುವ ಮೊದಲು ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆಯೋಣ. ಕಚೇರಿಯ ಬಾಗಿಲು ತೆರೆಯುವವರಿಂದ ಆರಂಭಿಸಿ, ರಾತ್ರಿ ದೀಪ ಆರಿಸುವವರವರೆಗೆ. ಹೆಸರು ಗೊತ್ತಿಲ್ಲದಿದ್ದರೆ ಹೋಗಿ ಕೇಳೋಣ. ಬಹುಶಃ ಆ ಔತಣದಿಂದ ನಮಗಾಗುವ ಮೊದಲ ಲಾಭ ಅದೇ.

ನಮ್ಮ ಮನೆಯ ಮತ್ತು ಕಚೇರಿಯ ಊಟದ ಮೇಜುಗಳಲ್ಲಿ ಅಲ್ಲಾಹನು ಬರಕತ್ ನೀಡಲಿ, ಅವುಗಳ ಸುತ್ತ ಯಾರಿಗೂ ಜಾಗ ಕಡಿಮೆಯಾಗದಂತೆ ನಮ್ಮ ಹೃದಯಗಳನ್ನು ವಿಶಾಲಗೊಳಿಸಲಿ. ಆಮೀನ್.